ಸಹವಾಸ ಬಿಡುವುದು ಬೇಡ, ಬಾಯಿ ಬಿಡಲಿ

ಹಾಸನದ ತಾಯಿಯೊಬ್ಬರು ಬರೆದಿದ್ದಾರೆ: “ಮಗ ಜುಲೈನಲ್ಲಿ ಮಾಸ್ಟರ್ಸ್ ಓದಲು ಮೆಲ್ಬರ್ನಿಗೆ ಹೋದ. ಮನೆಯಲ್ಲಿ ಜೊತೆಗಿರುವವರೆಲ್ಲ ಕನ್ನಡದ ಹುಡುಗರೇ. ಟ್ಯುಟೋರಿಯಲ್ ಅನ್ನುವ ಚರ್ಚೆಯ ತರಗತಿಯಲ್ಲಿ ಮಾತೇ ಹೊರಡುವುದಿಲ್ಲವಂತೆ. ಆ ಸಹವಾಸ ಬಿಡು ಅನ್ನಲೇ?”

ಬೇಡ, ತಾಯಿ. ದಣಿದು ಬಂದಾಗ ಬಿಸಿ ಅನ್ನ-ಸಾರು, ತನ್ನ ಮಾತು ಸಿಕ್ಕುವ ಮನೆ ಇರಲಿ. ತೊಡಕಿರುವುದು ತರಗತಿಯಲ್ಲಿ. ಮೇಷ್ಟ್ರ ಮುಂದೆ ಸುಮ್ಮನಿರುವುದು ನಮ್ಮಲ್ಲಿ ಮರ್ಯಾದೆ. ಅಲ್ಲಿ ಸುಮ್ಮನೆ ಕೂತರೆ ಓದಿಕೊಂಡು ಬಂದಿಲ್ಲ ಅಂದುಕೊಳ್ಳುತ್ತಾರೆ. ಕೆಲವು ವಿಷಯಗಳಲ್ಲಿ ಚರ್ಚೆಗೂ ಅಂಕವಿದೆ. ಹಿಂದಿನ ರಾತ್ರಿಯೇ ಒಂದು ಪ್ರಶ್ನೆ ಬರೆದಿಟ್ಟುಕೊಂಡು ಮೊದಲ ಹತ್ತು ನಿಮಿಷದಲ್ಲಿ ಕೇಳಿಬಿಡಲಿ. ಚರ್ಚೆ ಕಾವೇರಿದ ಮೇಲೆ ನಡುವೆ ಬಾಯಿ ಹಾಕುವುದು ಕಷ್ಟ. ಅಧ್ಯಾಪಕರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿನ ರೂಢಿ, ಅದಕ್ಕೆ ಅಂಜಬೇಕಿಲ್ಲ. ಅರ್ಥವಾಗದ್ದನ್ನು ಅವರು ಗೊತ್ತುಮಾಡಿದ ಕನ್ಸಲ್ಟೇಷನ್ ಸಮಯದಲ್ಲಿ ಹೋಗಿ ಕೇಳಲಿ.

ಗುಂಪು ಅಸೈನ್‌ಮೆಂಟಿನಲ್ಲಿ ಚೀನಾ, ವಿಯೆಟ್ನಾಂ, ಕೊಲಂಬಿಯಾದವರು ಜೊತೆಗಿರಬಹುದು. ಅವರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ದಾಕ್ಷಿಣ್ಯಕ್ಕೆ ಎಲ್ಲರೂ “ಆಗಲಿ” ಅಂದು ಎದ್ದರೆ ಕೊನೆಯ ರಾತ್ರಿ ಒಬ್ಬನೇ ಕೂತು ಬರೆಯಬೇಕಾಗುತ್ತದೆ. ಯಾರು, ಯಾವ ಭಾಗ, ಯಾವ ತಾರೀಖಿಗೆ ಎಂದು ಮೊದಲ ದಿನವೇ ಎಲ್ಲರಿಗೂ ಕಾಣುವ ಕಡತದಲ್ಲಿ ಬರೆದುಕೊಳ್ಳಲಿ. ಸಲ್ಲಿಸುವ ದಿನಕ್ಕಿಂತ ಮೂರು ದಿನ ಮೊದಲೇ ಎಲ್ಲರ ಭಾಗ ಕೈಸೇರಬೇಕು. ಪುಸ್ತಕದ ವಾಕ್ಯವನ್ನು ಮೂಲ ಹೇಳದೆ ಇಳಿಸಿದರೆ ನಮ್ಮ ಪರೀಕ್ಷೆಗಳಲ್ಲಿ ಅಂಕ ಬರುತ್ತಿತ್ತು. ಅಲ್ಲಿ ಅದು ಶಿಸ್ತು ಕ್ರಮಕ್ಕೆ ಗುರಿಯಾಗುವ ತಪ್ಪು.

ಪಾರ್ಟ್‌ಟೈಮ್ ಕೆಲಸದ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಿತಿ. ಯಾವ ಸೋಮವಾರದಿಂದ ಎಣಿಸಿದರೂ 14 ದಿನದಲ್ಲಿ ಅದು ಮೀರಬಾರದು. ಮೊದಲ ವಾರ 15, ಎರಡನೇ ವಾರ 30 ಆದರೆ ಸರಿ. ಮೂರನೇ ವಾರ 25 ಮಾಡಿದನೋ, ಹಿಂದಿನ 30 ಸೇರಿ 55 ಆಗಿ ವೀಸಾ ಷರತ್ತು ಮುರಿದಂತೆ.

ಒಂದು ವಿಷಯ ಕೈ ಹತ್ತುತ್ತಿಲ್ಲ ಅನಿಸಿದರೆ ಸೆನ್ಸಸ್ ಡೇಟ್ (ವಿಷಯ ಕೈಬಿಡಲು ವಿಶ್ವವಿದ್ಯಾಲಯ ಇಟ್ಟ ಗಡುವು) ದಾಟುವ ಮೊದಲೇ ನಿರ್ಧರಿಸಲಿ. ಅದರೊಳಗೆ ಬಿಟ್ಟ ವಿಷಯದ ಶುಲ್ಕ ಸಾಮಾನ್ಯವಾಗಿ ಮೈಮೇಲೆ ಬರುವುದಿಲ್ಲ. ಆದರೆ ಕೋರ್ಸು ವೀಸಾ ಅವಧಿಯಲ್ಲೇ ಮುಗಿಯಬೇಕಾದ್ದರಿಂದ, ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಕೇಳದೆ ಬಿಡಕೂಡದು.

ನೀವು ಫೋನ್ ಮಾಡುವುದಾದರೆ ನಮ್ಮ ಸಂಜೆ 4ಕ್ಕೆ ಮಾಡಿ, ಅಲ್ಲಿ ಆಗ ರಾತ್ರಿ 8.30. ಅಕ್ಟೋಬರ್ ಮೊದಲ ಭಾನುವಾರ ಅಲ್ಲಿನ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ, ಆಮೇಲೆ 9.30. ಇಲ್ಲಿ ಊಟ ಮುಗಿಸಿ 9ಕ್ಕೆ ಮಾಡಿದರೆ ಅವನಿಗೆ ನಡುರಾತ್ರಿ ದಾಟಿರುತ್ತದೆ.

— ಸಂಪಾದಕ