ಜೆಕ್ ಭಾಷೆಯಲ್ಲಿ ಹವಾಮಾನದ ಬಗ್ಗೆ ಮಾತನಾಡಲು ಮೊದಲು ಏನನ್ನು ಕಲಿಯಬೇಕು?

ಜೆಕ್‌ನಲ್ಲಿ ಹವಾಮಾನದ ಬಹುಪಾಲು ವಾಕ್ಯಗಳಿಗೆ ಕರ್ತೃಪದವೇ ಬೇಕಿಲ್ಲವಾದ್ದರಿಂದ, ಕೆಲವು ಕ್ರಿಯಾಪದಗಳನ್ನೂ ‘ಇದೆ’ ಎಂಬರ್ಥದ ‘ಯೆ’ಯನ್ನೂ ಕಲಿತರೆ ಆರಂಭಕ್ಕೆ ಸಾಕು. ‘ಪ್ರ್ಶೀ’ ಎಂಬ ಒಂದೇ ಪದಕ್ಕೆ ‘ಮಳೆ ಬರುತ್ತಿದೆ’ ಎಂಬ ಪೂರ್ಣ ಅರ್ಥವಿದೆ (ಮೊದಲ ಅಕ್ಷರದಲ್ಲಿ ರಕಾರವೇ ಸ್ವರದ ಕೆಲಸ ಮಾಡುತ್ತದೆ, ನಾಲಿಗೆಗೆ ತುಸು ಅಭ್ಯಾಸ ಬೇಕು). ನಿನ್ನೆಯ ಮಳೆಗೆ ‘ಪ್ರ್ಶೆಲೊ’, ನಾಳೆಯದಕ್ಕೆ ‘ಬುದೆ ಪ್ರ್ಶೆತ್’. ಹಿಮ ಬೀಳುತ್ತಿದ್ದರೆ ‘ಸ್ನ್ಯೆಝೀ’, ಬೆಚ್ಚಗಿದ್ದರೆ ‘ಯೆ ತೆಪ್ಲೊ’, ಚಳಿಯಿದ್ದರೆ ‘ಯೆ ಜ಼ಿಮ’.

ಚಳಿಯಾಗುತ್ತಿರುವುದು ನಿಮಗೇ ಆದರೆ, ‘ನನಗೆ’ ಎಂಬರ್ಥದ ‘ಮಿ’ ಸೇರಿಸಿ ‘ಯೆ ಮಿ ಜ಼ಿಮ’ ಎನ್ನಬೇಕು. ಕನ್ನಡದ ‘ನನಗೆ ಚಳಿ’ಯಂತೆ ಇಲ್ಲಿಯೂ ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲೇ ಬರುವುದರಿಂದ, ಇಂಗ್ಲಿಷಿನ ಮೂಲಕ ಯೋಚಿಸದೆ ಕನ್ನಡದಿಂದ ನೇರವಾಗಿ ಕಲಿಯುವುದೇ ಸುಲಭ. ‘ಜ಼ಿಮ’ಕ್ಕೆ ಚಳಿಗಾಲವೆಂಬ ಅರ್ಥವೂ ಇರುವುದರಿಂದ, ‘ನಾನು ಇದ್ದೇನೆ’ ಎಂಬರ್ಥದ ‘ಸೆಮ್’ ಬಳಸಿ ‘ಸೆಮ್ ಜ಼ಿಮ’ ಎಂದರೆ ನೀವೇ ಚಳಿಗಾಲವಾಗಿಬಿಡುತ್ತೀರಿ.