ವಿಶೇಷ ವಿವಾಹ ಕಾಯ್ದೆ: ನೋಟಿಸ್ ಯಾವ ಊರಿನಲ್ಲಿ ಕೊಡಬೇಕು?

ಪ್ರಶ್ನೆ: ನಾನು 1995ರಲ್ಲಿ ಜಗಳೂರಿನಲ್ಲಿ ಹುಟ್ಟಿದವನು. ಜನನ ಪ್ರಮಾಣಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿದೆ, ಆಧಾರ್‌ನಲ್ಲಿ ದಾವಣಗೆರೆ ಜಿಲ್ಲೆ ಎಂದಿದೆ. ಎರಡು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಾನು ಹಿಂದೂ, ಮದುವೆಯಾಗಲಿರುವ ಹುಡುಗಿ ಕ್ರೈಸ್ತಳು, ಚಿತ್ರದುರ್ಗದಲ್ಲಿ ತಂದೆ-ತಾಯಿಯ ಜೊತೆಗಿದ್ದಾಳೆ. ನವೆಂಬರ್ 20ಕ್ಕೆ ದಾವಣಗೆರೆಯಲ್ಲೇ ರಿಜಿಸ್ಟರ್ ಮದುವೆಯಾಗಬಹುದೇ?

ಉತ್ತರ: ಜಿಲ್ಲೆಯ ಹೆಸರಿನ ಚಿಂತೆ ಬಿಡಿ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚಿನ ದಾಖಲೆಯಲ್ಲಿ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿರುವುದು ಸಹಜ. ಆ ಪತ್ರ ಬೇಕಿರುವುದು ನಿಮಗೆ 21 ತುಂಬಿದೆಯೆಂದು ತೋರಿಸುವುದಕ್ಕೆ ಮಾತ್ರ. ಎರಡೂ ದಾಖಲೆಗಳಲ್ಲಿ ನಿಮ್ಮ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಿ. ಕಚೇರಿಯಲ್ಲಿ ತಕರಾರು ಬರುವುದು ಹೆಚ್ಚಾಗಿ ಅಲ್ಲಿಯೇ.

ನಿಜವಾದ ತೊಡಕು ವಾಸಸ್ಥಳದ್ದು. 1954ರ ವಿಶೇಷ ವಿವಾಹ ಕಾಯ್ದೆಯ 5ನೇ ಕಲಮಿನಂತೆ, ಮದುವೆಯಾಗಲಿದ್ದೇವೆಂದು ತಿಳಿಸುವ ನೋಟಿಸ್ ಕೊಡುವ ದಿನದ ಹಿಂದಿನ 30 ದಿನಗಳ ಕಾಲ ನಿಮ್ಮಿಬ್ಬರಲ್ಲಿ ಒಬ್ಬರಾದರೂ ವಾಸವಾಗಿದ್ದ ಜಿಲ್ಲೆಯ ವಿವಾಹಾಧಿಕಾರಿಗೇ ಅದನ್ನು ಕೊಡಬೇಕು. ಸ್ವಂತ ಮನೆ ಅಥವಾ ಆಧಾರ್ ವಿಳಾಸ ದಾವಣಗೆರೆಯಲ್ಲಿದೆ ಎಂಬುದಷ್ಟೇ ಸಾಲದು. ಹಾಗಾಗಿ ನೀವು ರಜೆ ಹಾಕಿ ಊರಿಗೆ ಬಂದು ತಿಂಗಳು ಕಾಲ ಇರದಿದ್ದರೆ, ಹುಡುಗಿ ಇರುವ ಚಿತ್ರದುರ್ಗವೇ ಸರಳ ದಾರಿ. ನೋಟಿಸಿನ ಪ್ರತಿಯನ್ನು ನಿಮ್ಮ ಕಾಯಂ ವಿಳಾಸದ ಜಿಲ್ಲೆಗೂ ಕಳುಹಿಸಿ ಅಲ್ಲಿಯೂ ಅಂಟಿಸುತ್ತಾರೆ. ಸುದ್ದಿ ಎರಡೂ ಊರುಗಳಿಗೆ ತಲುಪುತ್ತದೆಯಾದ್ದರಿಂದ ಹಿರಿಯರಿಗೆ ಮೊದಲೇ ತಿಳಿಸಿಬಿಡುವುದು ಲೇಸು.

ನೋಟಿಸ್ ಪ್ರಕಟವಾದ ದಿನದಿಂದ 30 ದಿನ ಆಕ್ಷೇಪಣೆಗೆ ಅವಕಾಶವಿದೆ. ಜೀವಂತ ಸಂಗಾತಿ, ವಯಸ್ಸು, ಮಾನಸಿಕ ಸ್ವಾಸ್ಥ್ಯ, ನಿಷಿದ್ಧ ರಕ್ತಸಂಬಂಧ ಇಂಥ 4ನೇ ಕಲಮಿನ ಕಾರಣಗಳಿಗಷ್ಟೇ ಅಲ್ಲಿ ಬೆಲೆ; ಧರ್ಮ ಬೇರೆ, ಮನೆಯವರಿಗೆ ಮನಸ್ಸಿಲ್ಲ ಎಂಬುದು ಆಕ್ಷೇಪಣೆಯೇ ಅಲ್ಲ. ಆದರೂ ಯಾರಾದರೂ ತಕರಾರು ಹಾಕಿದರೆ ಅಧಿಕಾರಿ ಅದನ್ನು ಇತ್ಯರ್ಥಪಡಿಸಲು ಇನ್ನೂ 30 ದಿನ ತೆಗೆದುಕೊಳ್ಳಬಹುದು. ಇನ್ನೊಂದು ಕಡೆ, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಹೊಸದಾಗಿ ನೋಟಿಸ್ ಕೊಡಬೇಕು. ಇವೆರಡನ್ನೂ ಲೆಕ್ಕ ಹಾಕಿದರೆ ನಿಮಗೆ ಸೆಪ್ಟೆಂಬರ್ 10ರ ಆಸುಪಾಸು ಸರಿಯಾದ ಸಮಯ: ಕೊನೆಯ ದಿನ ತಕರಾರು ಬಂದರೂ ನವೆಂಬರ್ ಎರಡನೇ ವಾರದೊಳಗೆ ತೀರ್ಮಾನವಾಗುತ್ತದೆ, ಮದುವೆಗೆ ಡಿಸೆಂಬರ್ ಮೊದಲ ವಾರದವರೆಗೂ ಅವಕಾಶ ಉಳಿಯುತ್ತದೆ.

ವಯಸ್ಸಿನ ಮತ್ತು ವಿಳಾಸದ ದಾಖಲೆ, ಭಾವಚಿತ್ರ ಇಟ್ಟುಕೊಳ್ಳಿ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿ ಅಥವಾ ಮರಣ ಪ್ರಮಾಣಪತ್ರವೂ ಬೇಕು. ಮದುವೆಯ ದಿನ ಮೂವರು ಸಾಕ್ಷಿಗಳು ಇರಲೇಬೇಕು. ಅವರ ಮತ್ತು ಅಧಿಕಾರಿಯ ಎದುರು ನೀವಿಬ್ಬರೂ ನಿಮಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೇ, ಪರಸ್ಪರ ಸ್ವೀಕರಿಸಿದ್ದೇವೆಂದು ಹೇಳಬೇಕು. ಹೆಚ್ಚುವರಿ ಶುಲ್ಕ ಕಟ್ಟಿದರೆ ಕಚೇರಿಯ ಹೊರಗೆ, ಹತ್ತಿರದ ಸ್ಥಳದಲ್ಲೂ ಇದನ್ನು ನಡೆಸಲು ಕಾಯ್ದೆಯಲ್ಲಿ ಅವಕಾಶವಿದೆ.

ನೀವು ಕೇಳದ ವಿಷಯವೊಂದಿದೆ. ಜಗಳೂರಿನಲ್ಲಿ ನಿಮ್ಮದು ಅವಿಭಕ್ತ ಕುಟುಂಬವಾಗಿದ್ದರೆ, 19ನೇ ಕಲಮಿನ ಪ್ರಕಾರ ಈ ಮದುವೆಯಿಂದ ನೀವು ಕುಟುಂಬದಿಂದ ಪ್ರತ್ಯೇಕಗೊಂಡಂತೆ. ಪಾಲು ಹೋಗುವುದಿಲ್ಲ, ಆದರೆ ಮುಂದೆ ನಿಮ್ಮ ಆಸ್ತಿಯ ಉತ್ತರಾಧಿಕಾರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ನಡೆಯುತ್ತದೆ. ಜಮೀನಿನ ಪಹಣಿ ಇನ್ನೂ ಜಂಟಿಯಾಗಿದ್ದರೆ ನೋಟಿಸಿಗೆ ಸಹಿ ಹಾಕುವ ಮೊದಲು ವಕೀಲರಿಗೊಮ್ಮೆ ತೋರಿಸಿ.