ಅತ್ತೆಗೆ ಮರೆವು, ಸೊಸೆಗೆ ನಿದ್ದೆಯಿಲ್ಲ

ಪ್ರಶ್ನೆ: ಅತ್ತೆಗೆ 74 ವರ್ಷ, ಅಲ್ಝೈಮರ್ಸ್ ಇದೆ. ಸಂಜೆಯಾದರೆ ಸಾಕು, ಸೀರೆಗಳನ್ನು ಗಂಟು ಕಟ್ಟಿಕೊಂಡು ‘ನಮ್ಮನೆಗೆ ಹೋಗ್ತೀನಿ’ ಅಂತ ಬಾಗಿಲಲ್ಲಿ ನಿಲ್ಲುತ್ತಾರೆ. ರಾತ್ರಿ ಮಲಗುವುದಿಲ್ಲ. ನಾನೇ ಬಳೆ ಕದ್ದೆ ಅಂತ ಪಕ್ಕದ ಮನೆಯವರಿಗೂ ಹೇಳಿದ್ದಾರೆ. ಭಾವ, ನಾದಿನಿ ಫೋನಿನಲ್ಲಿ ‘ವಯಸ್ಸಾಯ್ತಲ್ಲ, ಸ್ವಲ್ಪ ಸಹಿಸ್ಕೋ’ ಅನ್ನುತ್ತಾರೆ. ನನಗೆ ಕಿರುಚುವಷ್ಟು ಸಿಟ್ಟು ಬರುತ್ತೆ. ಏನು ಮಾಡಲಿ?
– ಒಬ್ಬ ಸೊಸೆ, ಹಾಸನ

ಉತ್ತರ: ನಿದ್ದೆಗೆಟ್ಟು ದುಡಿಯುವ ಯಾರಿಗಾದರೂ ಸಿಟ್ಟು ಬರುತ್ತದಮ್ಮ. ಅದಕ್ಕೆ ನೀವು ಕೆಟ್ಟವರಾಗುವುದಿಲ್ಲ. ಇದು ವಯಸ್ಸಿನ ಮರೆವಲ್ಲ, ಮಿದುಳಿನ ಕಾಯಿಲೆ. ಒಬ್ಬರೇ ನೋಡಿಕೊಳ್ಳುವಂಥದ್ದೂ ಅಲ್ಲ.

ಮೊದಲು ಬಳೆಯ ವಿಷಯ. ಎಲ್ಲಿಟ್ಟೆ ಅನ್ನುವುದು ಅವರಿಗೆ ನೆನಪಿಲ್ಲ, ಇಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಆಗ ಕಣ್ಣೆದುರು ಇರುವವರ ಮೇಲೆ ಅನುಮಾನ. ‘ನಾನು ತಗೊಂಡಿಲ್ಲ’ ಅಂತ ವಾದಿಸಿದರೆ ಅನುಮಾನ ಜಾಸ್ತಿಯಾಗುತ್ತದೆ. ‘ಬನ್ನಿ ಅತ್ತೆ, ಇಬ್ಬರೂ ಹುಡುಕೋಣ’ ಅನ್ನಿ. ಸಾಮಾನ್ಯವಾಗಿ ಬಚ್ಚಿಡುವ ಜಾಗಗಳು ಅವವೇ: ದಿಂಬಿನ ಕವರ್, ಅಕ್ಕಿ ಡಬ್ಬ, ಮಡಚಿಟ್ಟ ಸೀರೆ. ಪಕ್ಕದ ಮನೆಯವರಿಗೆ ಕಾಯಿಲೆಯ ಹೆಸರು ಹೇಳಿಬಿಡಿ. ಮುಚ್ಚಿಡುವಂಥದ್ದೇನೂ ಇದರಲ್ಲಿಲ್ಲ.

‘ಇದೇ ನಿಮ್ಮನೆ’ ಅಂದರೆ ಅವರು ಒಪ್ಪುವುದಿಲ್ಲ. ‘ನಿಮ್ಮನೇಲಿ ಯಾರ್ಯಾರಿದ್ರು ಅತ್ತೆ?’ ಅಂತ ಕೇಳುತ್ತಾ ಒಳಗೆ ಕರೆತನ್ನಿ. ಕತ್ತಲಾಗುವ ಮೊದಲೇ ಲೈಟ್ ಹಾಕಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು, ಆಮೇಲೆ ಕಾಫಿ ಬೇಡ. ಐದು ಗಂಟೆಗೆ ಕೈಗೊಂದು ಕೆಲಸ ಕೊಡಿ. ಹೂ ಕಟ್ಟಲಿ, ಅವರೆಕಾಯಿ ಬಿಡಿಸಲಿ. ಸರಿಯಾಗಿ ಬಿಡಿಸದಿದ್ದರೂ ಪರವಾಗಿಲ್ಲ. ಹೊರಗೆ ಹೋಗಿಬಿಟ್ಟರೆ ಅಂತ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಅವರ ಹತ್ತಿರ ಸದಾ ಇರಲಿ.

ಒಂದೆರಡು ದಿನದಲ್ಲೇ ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಾದರೆ ಕಾಯಲೇಬೇಡಿ, ಡಾಕ್ಟರ ಹತ್ತಿರ ಕರೆದೊಯ್ಯಿರಿ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಇಂಥ ಕಾರಣ ಇರಬಹುದು. ಮೆಡಿಕಲ್ ಶಾಪಿನಿಂದ ಸುಮ್ನೆ ನಿದ್ದೆ ಮಾತ್ರೆ ತಂದು ಕೊಡಬೇಡಿ. ಗೊಂದಲ ಹೆಚ್ಚುತ್ತದೆ, ರಾತ್ರಿ ಎದ್ದು ಬೀಳುತ್ತಾರೆ.

ಇನ್ನು ಭಾವ, ನಾದಿನಿ. ‘ಸ್ವಲ್ಪ ಸಹಾಯ ಮಾಡಿ’ ಅಂದರೆ ಯಾರೂ ಬರುವುದಿಲ್ಲ. ಲೆಕ್ಕ ಹಾಕಿ ಕೇಳಿ: ತಿಂಗಳಲ್ಲಿ ಎರಡು ಶನಿವಾರ, ಭಾನುವಾರ ನಾದಿನಿ ಬಂದಿರಲಿ. ರಾತ್ರಿ ನೋಡಿಕೊಳ್ಳುವವರ ಸಂಬಳದಲ್ಲಿ ಭಾವ ಪಾಲು ಹಾಕಲಿ. ಈ ಮಾತನ್ನು ನಿಮ್ಮ ಯಜಮಾನರೇ ಎತ್ತಬೇಕು. ಅವರ ತಾಯಿ ಅಲ್ವಾ? ಎರಡು ರಾತ್ರಿ ನಿಮ್ಮ ಮನೆಯಲ್ಲಿ ಕಳೆದ ಮೇಲೆ ‘ಸಹಿಸ್ಕೋ’ ಅನ್ನುವುದು ನಾದಿನಿಗೂ ಕಷ್ಟವಾಗುತ್ತದೆ.

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಮಿದುಳಿನ ಕಾಯಿಲೆಗಳಿಗೆ ಬ್ರೇನ್ ಹೆಲ್ತ್ ಕ್ಲಿನಿಕ್ ಶುರು ಮಾಡಿದೆ. ನಿಮ್ಮಲ್ಲಿ ಯಾವ ದಿನ ನಡೆಯುತ್ತದೆ ಅಂತ ವಿಚಾರಿಸಿ. ಮುಂದಿನ ಸಲ ಡಾಕ್ಟರ ಹತ್ತಿರ ಭಾವನವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ಹಗಲು ಹೊತ್ತು ಬಿಟ್ಟುಬರುವ ಡೇ ಕೇರ್ ಬೆಂಗಳೂರಿನಾಚೆ ಸಿಗುವುದು ಕಷ್ಟ. ನಿಮ್ಮಂಥ ಮನೆಗಳಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಅದೇ. ಪ್ರತಿ ಜಿಲ್ಲೆಯಲ್ಲೂ ಒಂದಾದರೂ ಬರಬೇಕು.

ಹಿರಿಯರ ಸಹಾಯವಾಣಿ 14567. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಎರಡನೆಯದಕ್ಕೆ ಅತ್ತೆಗೋಸ್ಕರ ಅಲ್ಲ, ನಿಮಗೋಸ್ಕರ ಈ ವಾರವೇ ಫೋನ್ ಮಾಡಿ.